ರಸ್ತೆಯ ಆಚೆ ಬದಿಗೆ ಬೇರೆ ಪರವಾನಗಿ

ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ಸ್ಟೇಟ್ ಲೈನ್ ರೋಡ್ ಎಂಬ ರಸ್ತೆಯಿದೆ. ಹೆಸರಿಗೆ ತಕ್ಕಂತೆ ಅದೇ ಎರಡು ರಾಜ್ಯಗಳ ಗಡಿ. ಪೂರ್ವದ ಮನೆಗಳು ಮಿಸೌರಿಯವು, ಪಶ್ಚಿಮದ ಮನೆಗಳು ಕ್ಯಾನ್ಸಸ್‌ನವು. ನಡುವೆ ಬೇಲಿಯಿಲ್ಲ, ತಪಾಸಣಾ ಠಾಣೆಯಿಲ್ಲ. ಎದುರು ಮನೆಯ ಬೆಕ್ಕು ದಿನಕ್ಕೆ ಹತ್ತು ಸಲ ರಾಜ್ಯ ಬದಲಿಸುತ್ತದೆ. ಕ್ಯಾನ್ಸಸ್ ವಿಶ್ವವಿದ್ಯಾಲಯದ ದೊಡ್ಡ ಆಸ್ಪತ್ರೆ ಈ ರಸ್ತೆಯಿಂದ ಪಶ್ಚಿಮಕ್ಕೆ ಕೂಗಳತೆಯ ದೂರದಲ್ಲಿದೆ. ಮಿಸೌರಿ ಬದಿಯಲ್ಲಿ ಮನೆ ಮಾಡಿಕೊಂಡ ನರ್ಸ್ ಒಬ್ಬರು ಬೆಳಿಗ್ಗೆ ಕಾಫಿ ಲೋಟ ಹಿಡಿದು ನಡೆದೇ ಹೋಗಿ ಡ್ಯೂಟಿಗೆ ಹಾಜರಾಗಬಹುದು. ಆದರೆ 2019ರ ಜೂನ್ ಮುಗಿಯುವವರೆಗೆ ಅವರ ಬಳಿ ಮಿಸೌರಿಯ ಪರವಾನಗಿ ಇದ್ದರೆ ಸಾಲುತ್ತಿರಲಿಲ್ಲ, ಕ್ಯಾನ್ಸಸ್‌ನದೂ ಬೇಕಿತ್ತು. ಅದಕ್ಕೆ ಬೇರೆ ಅರ್ಜಿ, ಬೇರೆ ಶುಲ್ಕ, ನವೀಕರಣಕ್ಕೆ ಬೇರೆ ದಿನಾಂಕ. ಅದಿಲ್ಲದೆ ರಸ್ತೆ ದಾಟಿ ಯಾರಿಗಾದರೂ ಇಂಜೆಕ್ಷನ್ ಕೊಟ್ಟರೆ, ಈಚೆ ಬದಿಯಲ್ಲಿ ಹದಿನೈದು ವರ್ಷ ಪಳಗಿದ ನರ್ಸ್ ಆಚೆ ಬದಿಯಲ್ಲಿ ಕಾನೂನಿನ ಕಣ್ಣಿಗೆ ದಾರಿಹೋಕರಷ್ಟೇ.

ಎರಡು ರಾಜ್ಯಗಳ ಪರೀಕ್ಷೆ ಬೇರೆ ಬೇರೆಯಾಗಿದ್ದರೆ ಇದನ್ನು ಒಪ್ಪಿಕೊಳ್ಳಬಹುದಿತ್ತು. ಹಾಗೇನೂ ಇಲ್ಲ. ಅಮೆರಿಕದಲ್ಲಿ ನರ್ಸ್ ಆಗಲು ಬರೆಯುವ ಎನ್‌ಕ್ಲೆಕ್ಸ್ ಪರೀಕ್ಷೆ ದೇಶಕ್ಕೆಲ್ಲ ಒಂದೇ. ವೈದ್ಯರಾಗಲು ಬರೆಯುವ ಯುಎಸ್‌ಎಂಎಲ್‌ಇ ಕೂಡ ಒಂದೇ. ಪ್ರಶ್ನೆ ಒಂದೇ, ಉತ್ತರ ಒಂದೇ, ಪಾಸಾಗುವ ಗೆರೆಯೂ ಒಂದೇ. ಮನುಷ್ಯನ ಹೃದಯವಂತೂ ಮಿಸೌರಿಯಲ್ಲಿ ಎಡಕ್ಕೆ, ಕ್ಯಾನ್ಸಸ್‌ನಲ್ಲಿ ಬಲಕ್ಕೆ ಇರುವುದಿಲ್ಲ. ಹಾಗಿದ್ದ ಮೇಲೆ ಪರವಾನಗಿ ಮಾತ್ರ ಏಕೆ ಗಡಿಯಲ್ಲಿ ನಿಂತುಬಿಡುತ್ತದೆ?

ಈ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ ‘ಕೆಂಪುಪಟ್ಟಿ’ ಎಂಬುದು. ಅರ್ಧ ಸತ್ಯ. ಉಳಿದರ್ಧವೇ ಹೆಚ್ಚು ಕುತೂಹಲದ್ದು.

ಡಿಎಲ್ಲೋ, ನಂಬರ್ ಪ್ಲೇಟೋ?

ನಮ್ಮವರಿಗೆ ಇದನ್ನು ಅರ್ಥ ಮಾಡಿಸಲು ಆರ್‌ಟಿಒ ಕಚೇರಿಗಿಂತ ಒಳ್ಳೆಯ ಜಾಗವಿಲ್ಲ. ಹಾಸನದಲ್ಲಿ ಮಾಡಿಸಿದ ಚಾಲನಾ ಪರವಾನಗಿ ಹರಿದ್ವಾರದಲ್ಲೂ ನಡೆಯುತ್ತದೆ. ಅಲ್ಲಿನ ಪೊಲೀಸರು ‘ಇದು ಹಾಸನದ್ದು’ ಎಂದು ತಳ್ಳಿಹಾಕುವುದಿಲ್ಲ. ಓಡಿಸುವ ವಾಹನದ ಕಥೆ ಹಾಗಲ್ಲ. ಬೇರೆ ರಾಜ್ಯದ ಕಾರನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಬೆಂಗಳೂರಿನಲ್ಲಿ ಇಟ್ಟುಕೊಂಡರೆ ಹಳೆಯ ರಾಜ್ಯದಿಂದ ಎನ್‌ಒಸಿ ತರಬೇಕು, ಇಲ್ಲಿ ಮತ್ತೆ ನೋಂದಾಯಿಸಬೇಕು, ಜೀವಿತಾವಧಿ ತೆರಿಗೆ ಕಟ್ಟಬೇಕು, ಹಳೆಯ ತೆರಿಗೆ ವಾಪಸ್ ಪಡೆಯಲು ಅಲ್ಲಿಗೆ ಅಲೆಯಬೇಕು. ಅನುಭವಿಸಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಈ ಗೋಳನ್ನು ತಪ್ಪಿಸಲೆಂದೇ, ಪದೇ ಪದೇ ವರ್ಗವಾಗುವವರಿಗಾಗಿ, 2021ರಲ್ಲಿ, ರಾಜ್ಯ ಬದಲಾದರೂ ಮರುನೋಂದಣಿ ಬೇಡದ ಬಿಎಚ್ (ಭಾರತ್) ಸರಣಿಯ ನೋಂದಣಿ ಬಂತು.

ವೈದ್ಯರ, ನರ್ಸ್‌ಗಳ ಪರವಾನಗಿ ಡಿಎಲ್‌ನಂತೆ ಎಂದು ನಾವು ಅಂದುಕೊಳ್ಳುತ್ತೇವೆ: ಕೈಯಲ್ಲಿ ವಿದ್ಯೆಯಿದೆ, ಅದಕ್ಕೊಂದು ಸಾಕ್ಷಿಪತ್ರ. ಅಮೆರಿಕದಲ್ಲಿ ಅದು ನಂಬರ್ ಪ್ಲೇಟ್. ಯಾವ ರಾಜ್ಯದ ರಸ್ತೆಯಲ್ಲಿ ಓಡುತ್ತೀರೋ ಆ ರಾಜ್ಯದ ಪ್ಲೇಟು ಬೇಕು. ಕಳೆದ ಕಾಲು ಶತಮಾನದಲ್ಲಿ ಅಲ್ಲಿ ನಡೆದಿರುವ ಪ್ರಯತ್ನವೆಲ್ಲ ಒಂದೊಂದು ವೃತ್ತಿಗೆ ಒಂದೊಂದು ಬಿಎಚ್ ಸರಣಿ ಮಾಡಿಕೊಡುವ ಪ್ರಯತ್ನ.

ಪ್ಲೇಟು ಏಕೆ ಬಂತು ಎಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 19ನೇ ಶತಮಾನದ ಅಮೆರಿಕದಲ್ಲಿ ಬೋರ್ಡು ಹಾಕಿಕೊಂಡವನೇ ವೈದ್ಯ. ಅಲೋಪಥಿ, ಹೋಮಿಯೋಪಥಿ, ಬೇರು ನಾರಿನ ಮದ್ದು ಕೊಡುವ ‘ಎಕ್ಲೆಕ್ಟಿಕ್’ ಪಂಥ ಎಲ್ಲವೂ ಒಂದೇ ಸಂತೆಯಲ್ಲಿ. ವೆಸ್ಟ್ ವರ್ಜೀನಿಯಾ ರಾಜ್ಯ 1882ರಲ್ಲಿ ಒಂದು ಕಾನೂನು ಮಾಡಿ, ಒಪ್ಪಿತ ಕಾಲೇಜಿನ ಪದವಿಯೋ ಹತ್ತು ವರ್ಷದ ಅನುಭವವೋ ಪರೀಕ್ಷೆಯ ತೇರ್ಗಡೆಯೋ ಇಲ್ಲದೆ ವೈದ್ಯ ವೃತ್ತಿ ನಡೆಸಬಾರದು ಎಂದಿತು. ಫ್ರಾಂಕ್ ಡೆಂಟ್ ಎಂಬ ಎಕ್ಲೆಕ್ಟಿಕ್ ವೈದ್ಯರ ಪದವಿಯನ್ನು ಅಲ್ಲಿನ ಆರೋಗ್ಯ ಮಂಡಳಿ ಒಪ್ಪಲಿಲ್ಲ. ಅವರು ಸುಪ್ರೀಂ ಕೋರ್ಟಿನವರೆಗೂ ಹೋದರು. 1889ರಲ್ಲಿ ಬಂದ ತೀರ್ಪು ರಾಜ್ಯದ ಪರವಾಗಿತ್ತು: ಪ್ರಜೆಗಳ ಆರೋಗ್ಯ ಕಾಪಾಡುವುದು ರಾಜ್ಯದ ಅಧಿಕಾರ, ಆ ಅಧಿಕಾರದಲ್ಲಿ ಅರ್ಹತೆಯ ಗೆರೆ ಎಳೆಯುವ ಹಕ್ಕೂ ಸೇರಿದೆ. ಅಲ್ಲಿಂದ ಇಲ್ಲಿಯವರೆಗೆ ಅಮೆರಿಕದಲ್ಲಿ ವೈದ್ಯಕೀಯ ಪರವಾನಗಿ ರಾಜ್ಯಗಳ ಕೈಯಲ್ಲೇ ಉಳಿದಿದೆ. ನರ್ಸ್‌ಗಳ ನೋಂದಣಿ ಕಾನೂನನ್ನು 1903ರಲ್ಲಿ ಮೊದಲು ಮಾಡಿದ್ದೂ ಒಂದು ರಾಜ್ಯವೇ, ನಾರ್ತ್ ಕೆರೊಲೈನಾ. ದೇಶಕ್ಕೆಲ್ಲ ಒಂದೇ ಪರೀಕ್ಷೆ ಬಂದದ್ದು ಆಮೇಲೆ. ಅಂದರೆ ಮೊದಲು ಬೇಲಿ, ನಂತರ ಅಳತೆಗೋಲು. ಅಳತೆಗೋಲು ಒಂದಾದರೂ ಬೇಲಿಗಳು ಹಾಗೆಯೇ ಉಳಿದವು.

ನನ್ನ ಮಟ್ಟಿಗೆ ಇಡೀ ವಿಷಯದ ಕೀಲಿಕೈ ಇಲ್ಲಿದೆ. ಪರವಾನಗಿ ಎಂದರೆ ‘ಇವರಿಗೆ ಕೆಲಸ ಬರುತ್ತದೆ’ ಎಂಬ ಸರ್ಟಿಫಿಕೇಟ್ ಅಲ್ಲ. ಅದನ್ನು ಕಾಲೇಜು, ಪರೀಕ್ಷೆ ಆಗಲೇ ಕೊಟ್ಟಿವೆ. ಪರವಾನಗಿಯ ತೂಕವಿರುವುದು ಅದನ್ನು ಕಿತ್ತುಕೊಳ್ಳುವ ಅಧಿಕಾರದಲ್ಲಿ. ರೋಗಿಗೆ ಅನ್ಯಾಯವಾದರೆ ಯಾವ ಬಾಗಿಲು ತಟ್ಟಬೇಕು? ಯಾರು ವಿಚಾರಣೆ ಮಾಡಬೇಕು? ಯಾರ ಆದೇಶಕ್ಕೆ ಆ ವೈದ್ಯ ತಲೆಬಾಗಬೇಕು? ಪರವಾನಗಿಯನ್ನು ಗಡಿ ದಾಟಿಸುವುದು ದೊಡ್ಡ ಸಂಗತಿಯಲ್ಲ. ಶಿಕ್ಷೆಯನ್ನು ಅದರ ಜೊತೆಗೇ ದಾಟಿಸುವುದು ಹೇಗೆ ಎಂಬುದೇ ತಲೆನೋವು. ಶಿಕ್ಷೆ ದಾಟದಿದ್ದರೆ ಏನಾಗುತ್ತದೆ ಎಂಬುದು ಅಮೆರಿಕಕ್ಕೆ ಚೆನ್ನಾಗಿ ಗೊತ್ತು. ಒಂದು ರಾಜ್ಯದಲ್ಲಿ ಪರವಾನಗಿ ಕಳೆದುಕೊಂಡ ವೈದ್ಯ ಸದ್ದಿಲ್ಲದೆ ಇನ್ನೊಂದು ರಾಜ್ಯದಲ್ಲಿ ಬೋರ್ಡು ಹಾಕುವುದು ಎಷ್ಟು ಸಾಮಾನ್ಯವಾಗಿತ್ತೆಂದರೆ, 1986ರಲ್ಲಿ ಸಂಸತ್ತು ಕಾನೂನು ಮಾಡಿ, ಶಿಸ್ತುಕ್ರಮಗಳ ರಾಷ್ಟ್ರೀಯ ದತ್ತಾಂಶ ಕೋಶವೊಂದನ್ನು ಹುಟ್ಟುಹಾಕಬೇಕಾಯಿತು. ಅದು 1990ರಲ್ಲಿ ಬಾಗಿಲು ತೆರೆಯಿತು.

ಕಾವೇರಿ ಒಪ್ಪಂದದಂಥ ಒಡಂಬಡಿಕೆ

ಕೇಂದ್ರ ಸರ್ಕಾರವೇ ಒಂದು ರಾಷ್ಟ್ರೀಯ ಪರವಾನಗಿ ಮಾಡಿಬಿಡಬಾರದೇ ಎಂದು ಕೇಳಬಹುದು. ತನ್ನದೇ ಮನೆಯೊಳಗೆ ಅದು ಮಾಡಿಕೊಂಡಿದೆ. ನಿವೃತ್ತ ಸೈನಿಕರ ಆಸ್ಪತ್ರೆಗಳ ವೈದ್ಯರು ಯಾವುದೇ ಒಂದು ರಾಜ್ಯದ ಪರವಾನಗಿ ಇಟ್ಟುಕೊಂಡು ದೇಶದ ಎಲ್ಲಿಯಾದರೂ ಕೆಲಸ ಮಾಡಬಹುದು. 2018ರ ನಿಯಮದ ನಂತರ ವಿಡಿಯೊ ಮೂಲಕ ಯಾವ ರಾಜ್ಯದ ಸೈನಿಕರನ್ನು ಬೇಕಾದರೂ ನೋಡಬಹುದು. ಆದರೆ ಮಿಕ್ಕ ಆಸ್ಪತ್ರೆಗಳಿಗೆ ಇದನ್ನು ವಿಸ್ತರಿಸಲು ಹೊರಟರೆ ರಾಜ್ಯಗಳು ಸುಮ್ಮನಿರುವುದಿಲ್ಲ.

ಹಾಗಾಗಿ ಅವರು ಹಿಡಿದ ದಾರಿ ‘ಕಾಂಪ್ಯಾಕ್ಟ್’. ರಾಜ್ಯ ರಾಜ್ಯಗಳ ನಡುವಿನ ಒಡಂಬಡಿಕೆ. ಕನ್ನಡಿಗರಿಗೆ ಇದು ಹೊಸ ಪ್ರಾಣಿಯಲ್ಲ. 1924ರಲ್ಲಿ ಮೈಸೂರು ಸಂಸ್ಥಾನ ಮತ್ತು ಮದ್ರಾಸ್ ಪ್ರಾಂತ್ಯ ಕಾವೇರಿ ನೀರಿನ ಬಗ್ಗೆ ಮಾಡಿಕೊಂಡ ಒಪ್ಪಂದ ನೆನಪಿಸಿಕೊಳ್ಳಿ. ಅದಕ್ಕೆ ಎರಡೇ ವರ್ಷ ಮೊದಲು, 1922ರಲ್ಲಿ, ಅಮೆರಿಕದ ಏಳು ರಾಜ್ಯಗಳು ಕೊಲರಾಡೊ ನದಿ ನೀರು ಹಂಚಿಕೊಳ್ಳಲು ಕಾಂಪ್ಯಾಕ್ಟ್ ಮಾಡಿಕೊಂಡಿದ್ದವು. ನೀರಿಗೆ ಬಳಸಿದ ಅದೇ ಹತಾರವನ್ನು ಈಗ ನರ್ಸ್‌ಗಳಿಗೆ ಬಳಸಲಾಗಿದೆ. ಒಂದೇ ಪಠ್ಯದ ಮಸೂದೆಯನ್ನು ಪ್ರತಿ ರಾಜ್ಯದ ಶಾಸನಸಭೆ ಅಕ್ಷರ ಬದಲಿಸದೆ ಅಂಗೀಕರಿಸಬೇಕು. ಅಂಗೀಕರಿಸಿದ ಮೇಲೆ ಅದು ಕಾನೂನೂ ಹೌದು, ಕರಾರೂ ಹೌದು. ನಾಳೆ ಒಂದು ಕಲಂ ಇಷ್ಟವಾಗಲಿಲ್ಲವೆಂದು ಯಾವ ರಾಜ್ಯವೂ ಒಬ್ಬಂಟಿಯಾಗಿ ತಿದ್ದುವಂತಿಲ್ಲ. ಬೇಡವಾದರೆ ಕಾನೂನನ್ನೇ ರದ್ದು ಮಾಡಿ ಹೊರಬರಬೇಕು. ಇಂಥ ಒಡಂಬಡಿಕೆಗೆ ಸಂಸತ್ತಿನ ಒಪ್ಪಿಗೆ ಬೇಕೆಂದು ಅಮೆರಿಕದ ಸಂವಿಧಾನ ಹೇಳುತ್ತದೆ. ಆದರೆ ಕೇಂದ್ರದ ಅಧಿಕಾರಕ್ಕೆ ಕೈಹಾಕದ ಒಡಂಬಡಿಕೆಗಳಿಗೆ ಅದು ಅನ್ವಯಿಸದು ಎಂಬ ದಾರಿ 1893ರ ಒಂದು ಸುಪ್ರೀಂ ಕೋರ್ಟ್ ತೀರ್ಪಿನಿಂದ ತೆರೆದುಕೊಂಡಿತು. ಆ ಸಣ್ಣ ಕಿಂಡಿಯಲ್ಲಿ ಇವತ್ತು ನರ್ಸ್‌ಗಳು, ವೈದ್ಯರು, ಮನಃಶಾಸ್ತ್ರಜ್ಞರು, ಫಿಸಿಯೋಥೆರಪಿಸ್ಟರು, ಆಂಬುಲೆನ್ಸ್ ಸಿಬ್ಬಂದಿ ಎಲ್ಲರೂ ಸಾಲಾಗಿ ನುಗ್ಗಿದ್ದಾರೆ.

ಇವುಗಳಲ್ಲಿ ಹಳೆಯದೂ ಪಳಗಿದ್ದೂ ನರ್ಸ್‌ಗಳದ್ದು. 2000ನೇ ಇಸವಿಯ ಜನವರಿಯಲ್ಲಿ ಜಾರಿಗೆ ಬಂದ ಆ ಒಡಂಬಡಿಕೆಯಲ್ಲಿ ಮೊದಮೊದಲು ಇದ್ದದ್ದು ಮೇರಿಲ್ಯಾಂಡ್, ಟೆಕ್ಸಾಸ್, ಯೂಟಾ, ವಿಸ್ಕಾನ್ಸಿನ್ ಮುಂತಾದ ಬೆರಳೆಣಿಕೆಯ ರಾಜ್ಯಗಳು. ಒಂದಷ್ಟು ವರ್ಷ ಬೆಳೆದು ಅರ್ಧದಲ್ಲಿ ನಿಂತಿತು. ಕಾರಣ ಅಪನಂಬಿಕೆ: ಕೆಲವು ರಾಜ್ಯಗಳಲ್ಲಿ ನರ್ಸ್‌ಗಳ ಅಪರಾಧ ಹಿನ್ನೆಲೆಯನ್ನು ಬೆರಳಚ್ಚು ತೆಗೆದು ಪರಿಶೀಲಿಸುತ್ತಿದ್ದರು, ಕೆಲವು ಕಡೆ ಅದಿರಲಿಲ್ಲ. ‘ನೀವು ಸೋಸದೆ ಕಳಿಸಿದ್ದನ್ನು ನಾವು ಕುಡಿಯಬೇಕೇ?’ ಎಂದು ಉಳಿದ ರಾಜ್ಯಗಳು ಹಿಂಜರಿದವು. 2018ರ ಜನವರಿಯಲ್ಲಿ ಹೊಸ ಆವೃತ್ತಿ ಬಂತು. ಅದರಲ್ಲಿ ಹನ್ನೊಂದು ಸಮಾನ ಅರ್ಹತೆಗಳಿವೆ. ಎಫ್‌ಬಿಐ ಬೆರಳಚ್ಚು ತಪಾಸಣೆ ಕಡ್ಡಾಯ, ಗಂಭೀರ ಅಪರಾಧದ ಶಿಕ್ಷೆ ಇದ್ದರೆ ಬಾಗಿಲು ಬಂದ್. ಆಮೇಲೆ ರಾಜ್ಯಗಳು ಒಂದೊಂದಾಗಿ ಸೇರಿ ಇವತ್ತು ಸಂಖ್ಯೆ 40 ದಾಟಿದೆ. ಕ್ಯಾನ್ಸಸ್ ಬಂದದ್ದು 2019ರ ಜುಲೈ 1ರಂದು. ಸ್ಟೇಟ್ ಲೈನ್ ರೋಡಿನ ನಮ್ಮ ನರ್ಸ್‌ಗೆ ಎರಡನೆಯ ಪರವಾನಗಿಯ ಉಸಾಬರಿ ತಪ್ಪಿದ್ದು ಅಂದೇ.

ನಡೆಯುವುದು ಹೀಗೆ. ನಿಮ್ಮ ಕಾಯಂ ವಾಸದ ರಾಜ್ಯ ನಿಮಗೆ ಬಹುರಾಜ್ಯ ಪರವಾನಗಿ ಕೊಡುತ್ತದೆ. ಕೈಯಲ್ಲಿರುವುದು ಒಂದೇ ಪರವಾನಗಿ; ಉಳಿದ ಸದಸ್ಯ ರಾಜ್ಯಗಳಲ್ಲಿ ನಿಮಗಿರುವುದು ‘ಕೆಲಸ ಮಾಡುವ ಅನುಮತಿ’. ಅರ್ಜಿ ಹಾಕಬೇಕಿಲ್ಲ, ಹಣ ಕಟ್ಟಬೇಕಿಲ್ಲ. ಇನ್ನು ಶಿಕ್ಷೆಯ ವಿಷಯ, ನಾನು ಮೊದಲೇ ಹೇಳಿದ ಕೀಲಿಕೈ. ಟೆನೆಸಿಯ ನರ್ಸ್ ಫ್ಲೋರಿಡಾದಲ್ಲಿ ತಪ್ಪು ಮಾಡಿದರೆ ಫ್ಲೋರಿಡಾ ತನ್ನ ನೆಲದಲ್ಲಿ ಅವರ ಅನುಮತಿಯನ್ನು ಕಡಿದುಹಾಕಬಹುದು, ಪರವಾನಗಿಯನ್ನಲ್ಲ. ಪರವಾನಗಿ ಕಿತ್ತುಕೊಳ್ಳುವುದು ಟೆನೆಸಿಯ ಕೆಲಸ. ಆದರೆ ಟೆನೆಸಿ ‘ಅದು ಅಲ್ಲಿ ನಡೆದದ್ದು, ನಮಗೇನು?’ ಎನ್ನುವಂತಿಲ್ಲ, ತನ್ನ ನೆಲದಲ್ಲೇ ನಡೆದ ತಪ್ಪಿನಷ್ಟೇ ಗಂಭೀರವಾಗಿ ಪರಿಗಣಿಸಬೇಕೆಂದು ಒಡಂಬಡಿಕೆ ಕಟ್ಟುಹಾಕಿದೆ. ಟೆನೆಸಿ ಕ್ರಮ ಕೈಗೊಂಡ ಕ್ಷಣ ಎಲ್ಲ ರಾಜ್ಯಗಳಲ್ಲೂ ಅನುಮತಿ ಆರಿಹೋಗುತ್ತದೆ. ಇದನ್ನೆಲ್ಲ ದಾಖಲಿಸಲು ‘ನರ್ಸಿಸ್’ ಎಂಬ ಸಾಮಾನ್ಯ ದತ್ತಾಂಶ ಜಾಲವಿದೆ. ನರ್ಸ್ ಒಬ್ಬರ ಹೆಸರು ಹಾಕಿದರೆ ಅವರು ಎಲ್ಲೆಲ್ಲಿ ಕೆಲಸ ಮಾಡಬಹುದು, ಯಾವ ಶಿಸ್ತುಕ್ರಮವಿದೆ ಎಂಬುದು ಅಲ್ಲಿ ಕಾಣುತ್ತದೆ. ಯಾರು ಬೇಕಾದರೂ ನೋಡಬಹುದು.

ಮಂಗಳೂರಿನಿಂದ ಹೊರಟ ನರ್ಸ್

ಕಾಗದದ ಮೇಲೆ ಇಷ್ಟು ಚೊಕ್ಕವಾಗಿರುವುದು ಒಬ್ಬರ ಬದುಕಿನಲ್ಲಿ ಹೇಗೆ ಬಿಚ್ಚಿಕೊಳ್ಳುತ್ತದೆ ಎಂಬುದನ್ನು ನೋಡೋಣ. ಮಂಗಳೂರಿನಲ್ಲಿ ಬಿ.ಎಸ್‌ಸಿ. ನರ್ಸಿಂಗ್ ಮುಗಿಸಿ, ಮೂರು ವರ್ಷ ಐಸಿಯುನಲ್ಲಿ ದುಡಿದ ಹುಡುಗಿಯೊಬ್ಬಳು ಅಮೆರಿಕಕ್ಕೆ ಹೊರಟಿದ್ದಾಳೆ ಎಂದುಕೊಳ್ಳಿ. ಅವಳು ಬೆಂಗಳೂರಿನ ಕೇಂದ್ರದಲ್ಲೇ ಎನ್‌ಕ್ಲೆಕ್ಸ್ ಬರೆಯಬಹುದು. ಆದರೆ ಪರೀಕ್ಷೆಗೆ ಹೆಸರು ಕೊಡುವ ಮೊದಲೇ ಒಂದು ವಿಚಿತ್ರ ಪ್ರಶ್ನೆ: ಯಾವ ರಾಜ್ಯಕ್ಕೆ? ಅಮೆರಿಕವನ್ನೇ ಕಾಣದವಳು ಅಮೆರಿಕದ ಒಂದು ರಾಜ್ಯದ ನರ್ಸಿಂಗ್ ಮಂಡಳಿಯನ್ನು ಆರಿಸಿ ಅರ್ಜಿ ಹಾಕಬೇಕು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಿಂದ ಅಂಕಪಟ್ಟಿಗಳ ದೃಢೀಕರಣ, ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಿಂದ ನೋಂದಣಿಯ ದೃಢೀಕರಣ ಎಲ್ಲ ಆ ದಿಕ್ಕಿಗೆ ಹೋಗಬೇಕು. ಗೆಳತಿಯರು, ವಾಟ್ಸ್‌ಆ್ಯಪ್ ಗುಂಪುಗಳು, ಏಜೆನ್ಸಿಗಳು ಒಬ್ಬೊಬ್ಬರೂ ಒಂದೊಂದು ರಾಜ್ಯದ ಹೆಸರು ಹೇಳುತ್ತಾರೆ. ಅವಳು ನ್ಯೂಯಾರ್ಕ್ ಆರಿಸುತ್ತಾಳೆ, ಪಾಸಾಗುತ್ತಾಳೆ, ನ್ಯೂಯಾರ್ಕ್ ಪರವಾನಗಿ ಕೈಗೆ ಬರುತ್ತದೆ.

ಕೆಲಸ ಸಿಗುವುದು ಟೆಕ್ಸಾಸ್‌ನ ಆಸ್ಪತ್ರೆಯಲ್ಲಿ. ನ್ಯೂಯಾರ್ಕ್ ಒಡಂಬಡಿಕೆಯಲ್ಲಿ ಇಲ್ಲ. ಹಾಗಾಗಿ ಆ ಪರವಾನಗಿಗೆ ಟೆಕ್ಸಾಸ್‌ನಲ್ಲಿ ಕಿಮ್ಮತ್ತಿಲ್ಲ. ಅದರ ಆಧಾರದ ಮೇಲೆ ಟೆಕ್ಸಾಸ್‌ನಲ್ಲಿ ಹೊಸದಾಗಿ ಅರ್ಜಿ ಹಾಕಬೇಕು. ಟೆಕ್ಸಾಸ್ ಒಡಂಬಡಿಕೆಯಲ್ಲಿದೆಯಾದರೂ ಇವಳಿಗೆ ತಕ್ಷಣ ಬಹುರಾಜ್ಯ ಪರವಾನಗಿ ಸಿಗದು. ಅದಕ್ಕೆ ಅಮೆರಿಕದ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಬೇಕು, ಟೆಕ್ಸಾಸ್ ತನ್ನ ಕಾಯಂ ನೆಲೆ ಎಂಬುದಕ್ಕೆ ಪುರಾವೆ ಬೇಕು. ಮಂಗಳೂರಿನಲ್ಲಿ ಕುಳಿತವಳ ಬಳಿ ಎರಡೂ ಇಲ್ಲ. ಅಲ್ಲಿ ಇಳಿದು, ಮನೆ ಹಿಡಿದು, ಡ್ರೈವಿಂಗ್ ಲೈಸೆನ್ಸ್ ಮಾಡಿಸಿ, ಆಮೇಲೆ ಬಹುರಾಜ್ಯ ಪರವಾನಗಿ. ಅದು ಕೈಗೆ ಬಂದ ದಿನದಿಂದ ಅವಳಿಗೆ 40ಕ್ಕೂ ಹೆಚ್ಚು ರಾಜ್ಯಗಳು ಅಂಗಳ.

ಎರಡು ವರ್ಷದ ನಂತರ ಮದುವೆಯಾಗಿ ನ್ಯೂಜೆರ್ಸಿಗೆ ಹೋಗುತ್ತಾಳೆ. ನ್ಯೂಜೆರ್ಸಿಯೂ ಸದಸ್ಯ. ಆದರೂ ಟೆಕ್ಸಾಸ್ ಪರವಾನಗಿಯಲ್ಲೇ ಕಾಲ ಹಾಕುವಂತಿಲ್ಲ. ನೆಲೆ ಬದಲಾದ 60 ದಿನಗಳೊಳಗೆ ನ್ಯೂಜೆರ್ಸಿಯಲ್ಲಿ ಅರ್ಜಿ ಹಾಕಬೇಕು. 2024ರ ಜನವರಿಯಿಂದ ಈ ಗಡುವಿದೆ. ಗಂಡನ ಮನೆಯಿಂದ ಹಡ್ಸನ್ ನದಿಯಾಚೆ ಮ್ಯಾನ್‌ಹಟನ್ ಕಾಣುತ್ತದೆ, ಅಲ್ಲಿನ ಆಸ್ಪತ್ರೆಗಳಲ್ಲಿ ಸಂಬಳವೂ ಚೆನ್ನ. ಅಲ್ಲಿಗೆ ಬಹುರಾಜ್ಯ ಪರವಾನಗಿ ನಡೆಯುವುದಿಲ್ಲ, ನ್ಯೂಯಾರ್ಕ್‌ನದೇ ಬೇಕು. ಪೆಟ್ಟಿಗೆಯ ತಳದಲ್ಲಿದ್ದ ಆ ಮೊದಲ ಪರವಾನಗಿಯನ್ನು ನವೀಕರಿಸುತ್ತ ಬಂದಿದ್ದರೆ ಅವಳು ಜಾಣೆ. ಗಂಡನಿಗೆ ಮುಂದೆ ಕ್ಯಾಲಿಫೋರ್ನಿಯಾದಲ್ಲಿ ಸಾಫ್ಟ್‌ವೇರ್ ಕೆಲಸ ಸಿಕ್ಕಿತೆನ್ನಿ (ಸಿಗದೆ ಇರುತ್ತದೆಯೇ?), ಅಲ್ಲಿ ಮತ್ತೆ ಒಂದರಿಂದ ಶುರು. ಕ್ಯಾಲಿಫೋರ್ನಿಯಾವೂ ಒಡಂಬಡಿಕೆಯ ಹೊರಗೆ.

ಕನ್ನಡಿಗರು ಗುಂಪು ಗುಂಪಾಗಿ ನೆಲೆಸಿರುವ ಆ ರಾಜ್ಯ ಏಕೆ ದೂರ ಉಳಿದಿದೆ? ಅಲ್ಲಿನ ನರ್ಸ್‌ಗಳ ಸಂಘ ಬಲಿಷ್ಠ. ಅದರ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು. ಇಷ್ಟು ರೋಗಿಗಳಿಗೆ ಇಂತಿಷ್ಟು ನರ್ಸ್ ಇರಲೇಬೇಕೆಂಬ ಕಾನೂನನ್ನು ಹೋರಾಡಿ ಪಡೆದ ರಾಜ್ಯ ಅದು. ಹೊರಗಿನಿಂದ ಯಾರು ಬೇಕಾದರೂ ಬರಬಹುದಾದರೆ ಮುಷ್ಕರದ ದಿನ ಆಸ್ಪತ್ರೆಯವರು ವಿಮಾನದಲ್ಲಿ ಬದಲಿ ನರ್ಸ್‌ಗಳನ್ನು ಇಳಿಸುತ್ತಾರೆ, ನಮ್ಮ ಮಂಡಳಿಗೆ ತನ್ನ ನೆಲದಲ್ಲಿ ಯಾರು ಕೆಲಸ ಮಾಡುತ್ತಿದ್ದಾರೆಂಬ ಲೆಕ್ಕವೂ ಸಿಗದು ಎಂಬುದು ಅವರ ಅಳಲು. ಎರಡನೆಯ ಮಾತಿನಲ್ಲಿ ಹುರುಳಿದೆ ಎನಿಸುತ್ತದೆ: ಅರ್ಜಿಯೇ ಇಲ್ಲದ ಅನುಮತಿಯಲ್ಲಿ, ಬಂದವರು ಬಂದದ್ದು ಆ ರಾಜ್ಯದ ಮಂಡಳಿಗೆ ಗೊತ್ತಾಗುವುದು ಹೇಗೆ? ಮೊದಲನೆಯದು ಕಾರ್ಮಿಕ ರಾಜಕಾರಣ. ಅದನ್ನು ರೋಗಿಯ ಸುರಕ್ಷತೆಯ ಹೆಸರಿನಲ್ಲಿ ಹೇಳುವ ಬದಲು ನೇರವಾಗಿ ಹೇಳಿದರೆ ಒಳ್ಳೆಯದಿತ್ತು. ಇನ್ನು ರಾಜ್ಯ ಮಂಡಳಿಗಳಿಗೆ ಪರವಾನಗಿ ಶುಲ್ಕವೇ ಆದಾಯ ಎಂಬುದನ್ನು ಮಾತ್ರ ಯಾರೂ ವೇದಿಕೆಯ ಮೇಲೆ ಹೇಳುವುದಿಲ್ಲ.

ವೈದ್ಯರದ್ದು ಹೆಸರಿಗೆ ಒಡಂಬಡಿಕೆ

ವೈದ್ಯರಿಗೂ ಒಂದು ಒಡಂಬಡಿಕೆಯಿದೆ. ವಯೋಮಿಂಗ್ 2015ರಲ್ಲಿ ಮೊದಲು ಅಂಗೀಕರಿಸಿತು, 2017ರಿಂದ ಪರವಾನಗಿಗಳು ಹೊರಬೀಳುತ್ತಿವೆ. ಹೆಸರು ಕೇಳಿ ನರ್ಸ್‌ಗಳದ್ದರಂತೆಯೇ ಎಂದುಕೊಂಡರೆ ಮೋಸಹೋದಿರಿ. ಇಲ್ಲಿ ಒಂದೇ ಪರವಾನಗಿ ಎಲ್ಲೆಡೆ ನಡೆಯುವುದಿಲ್ಲ. ಪ್ರತಿ ರಾಜ್ಯದ್ದೂ ಬೇರೆ ಪರವಾನಗಿಯೇ ಬೇಕು, ಪ್ರತಿಯೊಂದಕ್ಕೂ ಶುಲ್ಕ ಕಟ್ಟಬೇಕು, ಪ್ರತಿಯೊಂದನ್ನೂ ನವೀಕರಿಸಬೇಕು. ಒಡಂಬಡಿಕೆ ಮಾಡುವ ಉಪಕಾರವೆಂದರೆ ದಾಖಲೆ ಪರಿಶೀಲನೆ ಒಂದೇ ಸಲ ಮುಗಿಯುತ್ತದೆ. ನಿಮ್ಮ ಮುಖ್ಯ ರಾಜ್ಯ ‘ಇವರು ಅರ್ಹರು’ ಎಂದು ಪತ್ರ ಕೊಡುತ್ತದೆ, ಅದನ್ನು ಹಿಡಿದು ಬೇಕಾದ ರಾಜ್ಯಗಳನ್ನು ಟಿಕ್ ಮಾಡುತ್ತ ಹೋಗಬಹುದು. ಈ ಸೇವೆಗೆ 700 ಡಾಲರ್, ರಾಜ್ಯಗಳ ಶುಲ್ಕ ಬೇರೆ. ನನ್ನ ಪ್ರಕಾರ ಇದು ಬಿಎಚ್ ಸರಣಿಯಲ್ಲ, ಆರ್‌ಟಿಒ ಕಚೇರಿಯ ಎದುರು ಕುಳಿತ ನುರಿತ ಏಜೆಂಟ್. ಕೆಲಸ ಬೇಗ ಆಗುತ್ತದೆ, ಪ್ಲೇಟುಗಳು ಮಾತ್ರ ಕಡಿಮೆಯಾಗುವುದಿಲ್ಲ.

ಎಲ್ಲರಿಗೂ ಆ ಏಜೆಂಟೂ ಸಿಗುವುದಿಲ್ಲ. ಯುಎಸ್‌ಎಂಎಲ್‌ಇಯ ಪ್ರತಿ ಹಂತವನ್ನೂ ಮೂರು ಯತ್ನಗಳೊಳಗೆ ಪಾಸು ಮಾಡಿರಬೇಕು, ಮಾನ್ಯತೆ ಪಡೆದ ರೆಸಿಡೆನ್ಸಿ (ಪದವಿಯ ನಂತರದ ಆಸ್ಪತ್ರೆ ತರಬೇತಿ) ಮುಗಿಸಿರಬೇಕು, ತಜ್ಞ ಮಂಡಳಿಯ ಪ್ರಮಾಣಪತ್ರ ಇರಬೇಕು, ಹಿಂದೆ ಯಾವ ಶಿಸ್ತುಕ್ರಮವೂ ಇರಕೂಡದು. ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಎಂಬಿಬಿಎಸ್ ಓದಿ ಹೋದವರು ಇಷ್ಟನ್ನೂ ಪೂರೈಸಿದ್ದರೆ, ವಿದೇಶದಲ್ಲಿ ಓದಿದ್ದು ಅಡ್ಡಿಯಾಗದು. ಶಿಕ್ಷೆಯ ವಿಷಯದಲ್ಲಿ ಮಾತ್ರ ಈ ಒಡಂಬಡಿಕೆಗೆ ಹಲ್ಲು ಗಟ್ಟಿ. ಮುಖ್ಯ ರಾಜ್ಯ ಪರವಾನಗಿ ರದ್ದು ಮಾಡಿದರೆ ಇದರಡಿ ಪಡೆದ ಉಳಿದೆಲ್ಲ ಪರವಾನಗಿಗಳೂ ತಾವಾಗಿಯೇ ಅದೇ ಸ್ಥಿತಿಗೆ ಬರುತ್ತವೆ; ಬೇರೆ ಯಾವ ಸದಸ್ಯ ರಾಜ್ಯ ರದ್ದು ಮಾಡಿದರೂ ಉಳಿದೆಡೆ 90 ದಿನ ಅಮಾನತು, ಆ ಅವಧಿಯಲ್ಲಿ ಪ್ರತಿ ರಾಜ್ಯವೂ ತನ್ನ ತನಿಖೆ ಮಾಡಿಕೊಳ್ಳಬಹುದು.

ಒಡಂಬಡಿಕೆಯೊಂದನ್ನೇ ನಂಬಿ ಕೂರದ ರಾಜ್ಯಗಳೂ ಇವೆ. ಅರಿಜೋನಾ 2019ರಲ್ಲಿ ಅದರ ಜೊತೆಗೇ ಇನ್ನೊಂದು ಬಾಗಿಲು ತೆರೆಯಿತು: ಬೇರೆ ಯಾವುದೇ ರಾಜ್ಯದಲ್ಲಿ ಒಂದು ವರ್ಷ ಕಳಂಕವಿಲ್ಲದೆ ಪರವಾನಗಿ ಹೊಂದಿದವರು ಇಲ್ಲಿಗೆ ಬಂದು ನೆಲೆಸಿದರೆ ನಮ್ಮ ಪರವಾನಗಿ ಕೊಡುತ್ತೇವೆ. ಕ್ಷೌರಿಕರಿಂದ ಹಿಡಿದು ವೈದ್ಯರವರೆಗೆ. ಇದಕ್ಕೆ ಇನ್ನೊಬ್ಬರ ಸಹಿ ಬೇಕಿಲ್ಲ. ಹಲವು ರಾಜ್ಯಗಳು ಹಿಂಬಾಲಿಸಿದವು. ಸೈನಿಕರ ಗಂಡ ಅಥವಾ ಹೆಂಡತಿಗೆ, ವರ್ಗಾವಣೆಯ ಊರಿನಲ್ಲಿ ಹಳೆಯ ಪರವಾನಗಿಯೇ ನಡೆಯುವಂತೆ 2023ರ ಜನವರಿಯಲ್ಲಿ ಕೇಂದ್ರ ಕಾನೂನೂ ಬಂತು.

ಕಾರಿನಲ್ಲಿ ಕುಳಿತ ರೋಗಿ

ಇಷ್ಟು ಹೊತ್ತು ಗಡಿ ದಾಟುತ್ತಿದ್ದವರು ವೈದ್ಯರು, ನರ್ಸ್‌ಗಳು. ವಿಡಿಯೊ ಕರೆ ಬಂದ ಮೇಲೆ ಯಾರೂ ದಾಟದೆಯೇ ಗಡಿ ದಾಟುವಂತಾಯಿತು. ಹಾಗಾದರೆ ಚಿಕಿತ್ಸೆ ನಡೆದದ್ದು ಎಲ್ಲಿ? ವೈದ್ಯರ ಮೇಜಿನ ಬಳಿಯೋ, ರೋಗಿಯ ಮಂಚದ ಬಳಿಯೋ? ಅಮೆರಿಕದಲ್ಲಿ ಬೇರೂರಿದ ಉತ್ತರ: ರೋಗಿ ಇರುವಲ್ಲಿ. ಆ ರಾಜ್ಯದ ಪರವಾನಗಿ ವೈದ್ಯರಿಗಿರಬೇಕು.

2020ರ ಮಾರ್ಚಿನಲ್ಲಿ ಕೋವಿಡ್ ಬಂದಾಗ ರಾಜ್ಯಗಳು ಒಂದರ ಹಿಂದೊಂದು ಈ ನಿಯಮವನ್ನು ಸಡಿಲಿಸಿದವು. ಬಾಸ್ಟನ್ನಿನ ತಜ್ಞರನ್ನು ಪಕ್ಕದ ರಾಜ್ಯದ ಹಳ್ಳಿಯವರು ಮನೆಯಿಂದಲೇ ಕಂಡರು. ಜನರಿಗೆ ರೂಢಿಯಾಗುವ ಹೊತ್ತಿಗೆ, 2021ರಲ್ಲಿ, ತುರ್ತು ಆದೇಶಗಳು ಒಂದೊಂದಾಗಿ ಕೊನೆಗೊಂಡವು. ಅದೇ ವೈದ್ಯ, ಅದೇ ರೋಗಿ, ಅದೇ ಕಾಯಿಲೆ. ಸೋಮವಾರ ಸರಿಯಿದ್ದದ್ದು ಮಂಗಳವಾರ ಅಪರಾಧ. ಆಸ್ಪತ್ರೆಗಳು ಹೊರರಾಜ್ಯದ ರೋಗಿಗಳಿಗೆ ಫೋನ್ ಮಾಡಿ ಅಪಾಯಿಂಟ್‌ಮೆಂಟ್ ರದ್ದಾಗಿದೆ ಎಂದು ತಿಳಿಸಿದವು. ಕೆಲವರು ಉಪಾಯ ಕಂಡುಕೊಂಡರು: ಗಡಿ ದಾಟುವವರೆಗೆ ಕಾರು ಓಡಿಸಿ, ಆಚೆ ಬದಿಯ ಮೊದಲ ಪಾರ್ಕಿಂಗ್ ಜಾಗದಲ್ಲಿ ನಿಲ್ಲಿಸಿ, ಮೊಬೈಲನ್ನು ಸ್ಟೀರಿಂಗ್‌ಗೆ ಒರಗಿಸಿ ವೈದ್ಯರೊಡನೆ ಮಾತಾಡಿ ವಾಪಸಾಗುವುದು. ಕಾನೂನನ್ನು ಅಕ್ಷರಶಃ ಪಾಲಿಸಿದಂತಾಯಿತು. ಯಾರಿಗೆ ಒಳ್ಳೆಯದಾಯಿತೋ ತಿಳಿಯದು.

ಮನಃಶಾಸ್ತ್ರಜ್ಞರು ಮಾತ್ರ ಇದನ್ನು ಮೊದಲೇ ಊಹಿಸಿದವರಂತೆ ‘ಸೈಪ್ಯಾಕ್ಟ್’ ಎಂಬ ಒಡಂಬಡಿಕೆ ಸಿದ್ಧಮಾಡಿಕೊಂಡಿದ್ದರು. 2020ರ ಜುಲೈಯಲ್ಲಿ ಅದು ಚಾಲ್ತಿಗೆ ಬಂತು. ಆನ್‌ಲೈನ್ ಸಮಾಲೋಚನೆಗೆ ಅದರಲ್ಲಿ ಪ್ರತ್ಯೇಕ ಅನುಮತಿಯಿದೆ, ಖುದ್ದಾಗಿ ಹೋಗಿ ಕೆಲಸ ಮಾಡಲು ಒಂದು ರಾಜ್ಯದಲ್ಲಿ ವರ್ಷಕ್ಕೆ 30 ದಿನಗಳ ತಾತ್ಕಾಲಿಕ ಅನುಮತಿ ಬೇರೆ. ಕಾಲೇಜಿಗೆ ಬೇರೆ ರಾಜ್ಯಕ್ಕೆ ಹೋದ ಮಗಳು ತನ್ನ ಹಳೆಯ ಆಪ್ತ ಸಮಾಲೋಚಕರನ್ನು ಕಳೆದುಕೊಳ್ಳದಿರುವುದು ಸಣ್ಣ ಸಂಗತಿಯಲ್ಲ.

‘ರೋಗಿ ಇರುವಲ್ಲಿ’ ಎಂಬ ಈ ಕಂಬದ ಮೇಲೆ ಒಡಂಬಡಿಕೆಗಳೆಲ್ಲ ನಿಂತಿವೆ. ಈಗ ಕಂಬವೇ ಅಲುಗಾಡುತ್ತಿದೆ. 2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಗರ್ಭಪಾತದ ಸಾಂವಿಧಾನಿಕ ಹಕ್ಕನ್ನು ತೆಗೆದುಹಾಕಿದ ಮೇಲೆ ಕೆಲವು ರಾಜ್ಯಗಳಲ್ಲಿ ಗರ್ಭಪಾತ ಅಪರಾಧವಾಯಿತು, ಕೆಲವು ರಾಜ್ಯಗಳು ಮಾತ್ರೆಗಳನ್ನು ಅಂಚೆಯಲ್ಲಿ ಕಳಿಸುವ ತಮ್ಮ ವೈದ್ಯರಿಗೆ ರಕ್ಷಣೆ ಕೊಡುವ ಕಾನೂನು ಮಾಡಿದವು. ಆ ಕಾನೂನುಗಳು ಹೇಳುವುದು ತಲೆಕೆಳಗು: ವೈದ್ಯರು ಕುಳಿತಿರುವ ನೆಲದ ಕಾನೂನೇ ಮುಖ್ಯ. 2024ರ ಡಿಸೆಂಬರ್‌ನಲ್ಲಿ ಟೆಕ್ಸಾಸ್ ನ್ಯೂಯಾರ್ಕ್‌ನ ವೈದ್ಯೆಯೊಬ್ಬರ ಮೇಲೆ ದಾವೆ ಹೂಡಿತು. ಮುಂದಿನ ತಿಂಗಳು ಲೂಸಿಯಾನಾ ಅವರ ಮೇಲೆ ಕ್ರಿಮಿನಲ್ ಆರೋಪ ಹೊರಿಸಿತು. ಆ ವೈದ್ಯೆಯನ್ನು ಒಪ್ಪಿಸುವುದಿಲ್ಲ ಎಂದು ನ್ಯೂಯಾರ್ಕ್ ಗವರ್ನರ್ ಹೇಳಿದರು. ಒಂದು ರಾಜ್ಯದಲ್ಲಿ ಕರ್ತವ್ಯವಾದದ್ದು ಇನ್ನೊಂದರಲ್ಲಿ ಅಪರಾಧವಾದಾಗ, ಶಿಕ್ಷೆ ತಾನಾಗಿಯೇ ಗಡಿ ದಾಟುವ ವ್ಯವಸ್ಥೆಗೆ ಸಹಿ ಹಾಕಲು ಯಾವ ರಾಜ್ಯವಾದರೂ ಎರಡು ಸಲ ಯೋಚಿಸುತ್ತದೆ. ದಾಖಲೆಗಳ ಒಗಟನ್ನು ಬಿಡಿಸುತ್ತ ಬಂದವರು ಇಲ್ಲಿಗೆ ಬಂದು ನಿಂತಿದ್ದಾರೆ.

ತಲಪಾಡಿಯ ಟೋಲ್ ಗೇಟ್

ನಮ್ಮಲ್ಲಿ? ಭಾರತದಲ್ಲಿ ವೈದ್ಯರು ಹೆಸರು ನೋಂದಾಯಿಸುವುದು ರಾಜ್ಯದ ವೈದ್ಯಕೀಯ ಪರಿಷತ್ತಿನಲ್ಲಿ; ಆದರೆ 1956ರ ಭಾರತೀಯ ವೈದ್ಯಕೀಯ ಪರಿಷತ್ತು ಕಾಯ್ದೆಯೇ, ರಾಷ್ಟ್ರೀಯ ವಹಿಯಲ್ಲಿ ಹೆಸರಿದ್ದವರು ದೇಶದ ಎಲ್ಲಿ ಬೇಕಾದರೂ ವೃತ್ತಿ ನಡೆಸಬಹುದು ಎಂದಿತ್ತು. ಕಾನೂನು ಡಿಎಲ್ ಎಂದರೂ, ರೂಢಿ ನಂಬರ್ ಪ್ಲೇಟಿನದೇ ಆಯಿತು: ಊರು ಬದಲಿಸಿದ ವೈದ್ಯರು ಹಳೆಯ ಪರಿಷತ್ತಿನ ಎನ್‌ಒಸಿಗಾಗಿ ಓಡಾಡಿ, ಹೊಸ ಪರಿಷತ್ತಿನಲ್ಲಿ ಮತ್ತೆ ಶುಲ್ಕ ಕಟ್ಟಿದರು. ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ನಿಯಮಗಳಲ್ಲಿ ಪ್ರತಿ ವೈದ್ಯರಿಗೂ ಒಂದೇ ವಿಶಿಷ್ಟ ಸಂಖ್ಯೆ ಕೊಡುವ ದಾರಿ ಹಿಡಿದು, 2024ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ವಹಿಯ ಪೋರ್ಟಲ್ ತೆರೆಯಿತು. ನರ್ಸ್‌ಗಳಿಗೂ ರಾಷ್ಟ್ರೀಯ ಗುರುತಿನ ಸಂಖ್ಯೆ ಕೊಡುವ ನೋಂದಣಿ ಜಾಲವಿದೆ. ಹಾಗಿದ್ದರೂ ಕೆಲಸ ಮಾಡುವ ರಾಜ್ಯದ ಶುಶ್ರೂಷಾ ಪರಿಷತ್ತಿನಲ್ಲಿ ಹೆಸರಿರಬೇಕು.

ಇದನ್ನು ನಮ್ಮದೇ ಸ್ಟೇಟ್ ಲೈನ್ ರೋಡಿನಲ್ಲಿ ನಿಂತು ನೋಡಬಹುದು. ಮಂಗಳೂರಿನಿಂದ ದಕ್ಷಿಣಕ್ಕೆ ಹೆದ್ದಾರಿ 66ರಲ್ಲಿ ತಲಪಾಡಿ. ಟೋಲ್ ಗೇಟಿನ ಆಚೆ ಕಾಸರಗೋಡು ಜಿಲ್ಲೆ; ಅಲ್ಲಿಯೂ ಅನೇಕರ ಮನೆಮಾತು ಕನ್ನಡ, ತುಳು; ಕಾಯಿಲೆ ಬಿದ್ದರೆ ಹೋಗುವುದು ಮಂಗಳೂರಿಗೆ. 2020ರ ಮಾರ್ಚ್ ಕೊನೆಯಲ್ಲಿ, ಕೋವಿಡ್ ಕಾರಣಕ್ಕೆ, ಆ ಗಡಿಯ ರಸ್ತೆಗಳಿಗೆ ಕರ್ನಾಟಕ ಮಣ್ಣು ಸುರಿದು ಮುಚ್ಚಿತು. ಆಂಬುಲೆನ್ಸ್‌ಗಳೂ ನಿಂತವು, ವಿಷಯ ಕೇರಳ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ಅದೇ ದಿನಗಳಲ್ಲಿ, ಮಾರ್ಚ್ 25ರಂದು, ದೆಹಲಿಯಿಂದ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಟಿತ್ತು: ನೋಂದಾಯಿತ ವೈದ್ಯರು ಭಾರತದ ಯಾವ ಭಾಗದ ರೋಗಿಗೆ ಬೇಕಾದರೂ ದೂರದಿಂದ ಸಲಹೆ ನೀಡಬಹುದು. ಅಮೆರಿಕದ ರಾಜ್ಯಗಳು ಇವತ್ತಿಗೂ ಒಪ್ಪದ ಮಾತನ್ನು ನಾವು ಒಂದು ವಾಕ್ಯದಲ್ಲಿ ಮುಗಿಸಿದ್ದೆವು. ರಸ್ತೆಯಲ್ಲಿ ಮಣ್ಣಿನ ರಾಶಿ, ಫೋನಿನಲ್ಲಿ ಬಯಲು ದಾರಿ.

ಮಣ್ಣು ಹೋಗಿ ಎಷ್ಟೋ ಕಾಲವಾಯಿತು. ಇವತ್ತು ಮಂಜೇಶ್ವರದ ಅಜ್ಜಿಯೊಬ್ಬರು ಮಂಗಳೂರಿನ ವೈದ್ಯರಿಗೆ ವಿಡಿಯೊ ಕರೆ ಮಾಡಿ ಬಿಪಿ ಮಾತ್ರೆ ಬದಲಿಸಿಕೊಳ್ಳಬಹುದು. ಯಾವ ಪರಿಷತ್ತೂ ಕೇಳುವುದಿಲ್ಲ. ಆ ಮಾತ್ರೆ ಹೊಂದಲಿಲ್ಲವೆಂದು ದೂರು ಕೊಡಬೇಕಾದರೆ ಅಜ್ಜಿಯ ಕಡತ ಹೋಗುವುದು ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ. ಅದೇ ಬೆಳಿಗ್ಗೆ ಅಜ್ಜಿಯ ಮೊಮ್ಮಗಳು, ಕೇರಳದಲ್ಲಿ ನೋಂದಾಯಿಸಿಕೊಂಡ ನರ್ಸ್, ಟೋಲ್ ಗೇಟಿನ ಈಚೆಗೆ ಬಸ್ಸಿನಲ್ಲಿ ಬಂದು ಇಳಿಯುತ್ತಾಳೆ. ಚೀಲದಲ್ಲಿ ಊಟದ ಡಬ್ಬಿಯ ಪಕ್ಕ ಒಂದು ಪ್ಲಾಸ್ಟಿಕ್ ಕಡತ: ಕರ್ನಾಟಕದ ಪರಿಷತ್ತಿಗೆ ಕೊಡಬೇಕಾದ ಅರ್ಜಿ, ಜೊತೆಗೆ ತಿರುವನಂತಪುರದಿಂದ ತರಿಸಿದ ಎನ್‌ಒಸಿ.